ಬೋಟಿನ ಸವಾಲು ಕೂಗಿದ ಅಕ್ಕುತಾಯಿ

ದಿಗ್ಗೇವಾಡಿಯ ಶಾಲೆಯ ಅಂಗಳದಲ್ಲಿ, ಹತ್ತಿರ ಹತ್ತಿರ ಇನ್ನೂರು ಮಂದಿಯ ಎದುರಿಗೆ, ಅಣ್ಣಾಸಾಬನ ರಕ್ತದೊತ್ತಡ ಮೈಕಿನಲ್ಲಿ ಪ್ರಸಾರವಾಯಿತು.

ತಪ್ಪು ಅವನದೇ. ರಾಯಬಾಗದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ, ಐವತ್ತೆರಡು ದಾಟಿದ, ಹೊಟ್ಟೆಯ ವಿಷಯದಲ್ಲಿ ಧಾರಾಳಿಯಾದ ಈ ಮನುಷ್ಯ ‘ಕೃಷ್ಣಾತೀರ ವೈದ್ಯ ತಂಡ’ದ ಕಾರ್ಯದರ್ಶಿ. ತಂಡದಲ್ಲಿ ನಾಲ್ವರು ಡಾಕ್ಟರರು, ಮೂವರು ನರ್ಸುಗಳು, ನೀರಿನ ಸೆಳವು ಬಲ್ಲ ಅಂಬಿಗರ ಭರಮು. ಹೊಳೆಗೆ ಮಹಾಪೂರ ಬಂತೆಂದರೆ ತಮ್ಮ ತಮ್ಮ ಕೆಲಸ ಬಿಟ್ಟು, ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ಓಡಿ ಬರುವ ಜನ. ಒಬ್ಬೊಬ್ಬರಿಗೂ ಒಂದೊಂದು ವಿದ್ಯೆ ಬರುತ್ತಿತ್ತು. ಯಾವುದೂ ಬಾರದ ಅಣ್ಣಾಸಾಬನಿಗೆ ದೇಣಿಗೆ ಎತ್ತುವ ಕೆಲಸ ಒಪ್ಪಿಸಿದ್ದರು.

ದೇಣಿಗೆಗೆಂದೇ ಆ ದಿನ ತಪಾಸಣೆಯ ಶಿಬಿರ ಇಟ್ಟಿದ್ದು. ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಮುದುಕಿಯರು ಹಿಂದೆ ಮುಂದೆ ನೋಡುತ್ತಿದ್ದರು. ಏನೂ ನೋವಾಗುವುದಿಲ್ಲ ಎಂದು ತೋರಿಸಲು ಅಣ್ಣಾಸಾಬ ತನ್ನ ತೋಳನ್ನೇ ಚಾಚಿದ. ಅದು ಹೊಸ ನಮೂನೆಯ ಯಂತ್ರ, ಅಳತೆಯನ್ನು ಹಿಂದಿಯಲ್ಲಿ ಓದಿ ಹೇಳುತ್ತಿತ್ತು. ಪಕ್ಕದಲ್ಲಿದ್ದ ಮೈಕು ಬಂದ್ ಮಾಡುವುದು ಮರೆತಿತ್ತು. ಯಾರೋ ಕಲಿತ ಹೆಣ್ಣುಮಗಳ ನಯವಾದ ದನಿ ನೂರಾ ಎಂಬತ್ತೆಂಟು ಎಂಬ ಸಂಖ್ಯೆಯನ್ನು ಊರಿಗೆಲ್ಲ ಸಾರಿ, ಕೂಡಲೇ ವೈದ್ಯರನ್ನು ಕಾಣಿರಿ ಎಂದು ಸಲಹೆಯನ್ನೂ ಕೊಟ್ಟಿತು. ವೈದ್ಯರು ಅಲ್ಲೇ ಇದ್ದರು. ರೋಗಿಗಳಿಗೆಂದು ಹಾಸಿದ್ದ ಮಂಚದ ಮೇಲೆ ಕಾರ್ಯದರ್ಶಿಯನ್ನು ಮಲಗಿಸಿದರು. ಜನ ತಪಾಸಣೆ ಬಿಟ್ಟು ಅವನನ್ನು ನೋಡಲು ಪಾಳಿ ಹಚ್ಚಿದರು. ಒಬ್ಬಾಕೆ ನುಗ್ಗಿಸೊಪ್ಪು ತಂದುಕೊಟ್ಟಳು. ಸಂಜೆಗೆ ಡಬ್ಬಿ ತೆರೆದರೆ ಸಾವಿರದ ಮುನ್ನೂರು ರೂಪಾಯಿ ಇತ್ತು. ಅದರಲ್ಲಿ ನೂರು ರೂಪಾಯಿ ಹಾಕಿದ ಅಜ್ಜಿ, ಇದು ಆ ಮಲಗಿದವರ ಗುಳಿಗೆಗೆ ಎಂದು ಬೇರೆಯಾಗಿಯೇ ಹೇಳಿ ಹೋಗಿದ್ದಳು.

ಬೋಟು ಕೊಳ್ಳಲು ಬೇಕಾಗಿದ್ದದ್ದು ಎರಡು ಲಕ್ಷ ನಲವತ್ತು ಸಾವಿರ. ಹಿಂದಿನ ಶ್ರಾವಣದಲ್ಲಿ ತಂಡ ಔಷಧದ ಚೀಲ ಹಿಡಿದುಕೊಂಡು ದಂಡೆಯ ಮೇಲೆ ನಾಲ್ಕು ತಾಸು ನಿಂತಿತ್ತು. ಇದ್ದೊಂದು ಬೋಟು ಬೇರೆ ಊರಿನವರನ್ನು ಸಾಗಿಸುವುದರಲ್ಲಿತ್ತು. ಆಚೆ ತೋಟದ ಮನೆಗಳಲ್ಲಿ ಸಿಕ್ಕಿಬಿದ್ದವರು ಕೈ ಬೀಸುತ್ತಿದ್ದರು, ಈಚೆಯಿಂದ ಇವರು ಬೀಸುತ್ತಿದ್ದರು. ಕೈ ಬೀಸಾಕ ಎಂ.ಬಿ.ಬಿ.ಎಸ್. ಯಾಕ ಓದಬೇಕಿತ್ತು ಎಂದು ತಂಡದ ಮುಖ್ಯಸ್ಥೆ, ಚಿಕ್ಕೋಡಿಯ ಡಾಕ್ಟರ್ ತ್ರಿಶಲಾ ಅಂದೇ ಕೇಳಿದ್ದರು. ಈಗ ಸಾಂಗಲಿಯ ವ್ಯಾಪಾರಿಯೊಬ್ಬನ ಹತ್ತಿರ ಇಂಜಿನ್ ಇರುವ ಹಳೆಯ ಬೋಟೊಂದು ಸಿಕ್ಕಿತ್ತು. ಜೂನಿನ ಮಿರಗದ ಮಳೆ ಕೂಡುವ ತನಕ ಕಾಯುತ್ತೇನೆ, ಆಮೇಲೆ ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಹೋಟೆಲಿನವನಿಗೆ ಕೊಟ್ಟುಬಿಡುತ್ತೇನೆ ಎಂದು ಅವನು ಹೇಳಿದ್ದ. ಮಿರಗಕ್ಕೆ ಮೂರು ವಾರ ಉಳಿದಿತ್ತು. ಬೋಟು ಬರದಿದ್ದರೆ ಈ ವರ್ಷವೂ ದಂಡೆಯ ಮೇಲೆ ಕೈ ಬೀಸುವುದೇ.

ಮಂಚದ ಮೇಲೆ ಮಲಗಿ ಅಣ್ಣಾಸಾಬ ಇದೇ ಲೆಕ್ಕ ಹಾಕುತ್ತಿದ್ದಾಗ, ಒಂದು ತಂಬಿಗೆ ಮಜ್ಜಿಗೆ ಅವನ ಮೂಗಿನ ಮುಂದೆ ಬಂದು ನಿಂತಿತು.

“ಉಪ್ಪ ಹಾಕಿಲ್ಲ, ಕುಡಿ.”

ತಂಬಿಗೆಯ ಹಿಂದೆ ಇದ್ದವಳು ಅಕ್ಕುತಾಯಿ. ಅರವತ್ತೈದರ ಹೆಂಗಸು, ಬಿಳಿ ಕೂದಲು, ಹಸಿರು ಇಳಕಲ್ಲ ಸೀರೆ, ಗುಬ್ಬಿಯಷ್ಟು ದೇಹ. ಆ ದೇಹದಲ್ಲಿ ಇಷ್ಟು ದನಿ ಎಲ್ಲಿ ಅಡಗಿರುತ್ತದೆ ಎಂಬುದು ನಾಲ್ಕು ತಾಲೂಕಿನ ಜನರಿಗೂ ಬಗೆಹರಿಯದ ವಿಷಯ. ಕಾಗವಾಡದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಮನೆಯ ಮಾಳಿಗೆ ಮೇಲೆ ನಿಂತು ಗಂಡನನ್ನು ಊಟಕ್ಕೆ ಕರೆದರೆ ಅರ್ಧ ಮೈಲಿ ಆಚೆ ಕಬ್ಬು ಕಡಿಯುತ್ತಿದ್ದ ಬೇರೆ ಮನೆಯ ಗಂಡಸರೂ ಕುಡುಗೋಲು ಇಟ್ಟು ಏಳುತ್ತಿದ್ದರಂತೆ. ಈಗ ಗಂಡನಿಗೆ ಕಿವಿ ಮಂದ. ವಯಸ್ಸಿನಿಂದ ಎಂದು ಅವಳು ಹೇಳುತ್ತಾಳೆ. ಅವನ ಅಭಿಪ್ರಾಯ ಬೇರೆ ಇರಬಹುದು, ಯಾರೂ ಕೇಳಿಲ್ಲ.

ಮಜ್ಜಿಗೆ ಮುಗಿಯುವ ತನಕ ಕಾದು ಅವಳು ಮಾತು ತೆಗೆದಳು.

“ತಮ್ಮಾ, ನೀ ಬೇಡಾಕತ್ತಿ. ಬೇಡಿದ್ರ ನಮ್ಮ ಮಂದಿ ನೂರಾ ಒಂದ ಕೊಡ್ತಾರ. ಸವಾಲ ಹಚ್ಚು, ಅದೇ ಮಂದಿ ಟ್ರ್ಯಾಕ್ಟರ್ ಮಾರಿ ಕೊಡ್ತಾರ.”

ಮಾರಲು ತನ್ನ ಹತ್ತಿರ ಏನಿದೆ ಎಂದು ಅವನು ಕೇಳಿದ. ಬಸದಿಯಾಗ ನಾವೇನ್ ಮಾರ್ತೀವಿ, ಎಂದು ಅವಳು ತಿರುಗಿ ಕೇಳಿದಳು.

ಮಾತು ಖರೆ. ಬಸದಿಯಲ್ಲಿ ಪರ್ವದ ದಿನ ಮೊದಲ ಅಭಿಷೇಕದ ಕಲಶ ಯಾರು ಎತ್ತಬೇಕು ಎಂಬುದು ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ತೀರ್ಮಾನವಾಗುತ್ತದೆ. ಹೆಚ್ಚು ಕೂಗಿದವನಿಗೆ ಆ ಮಾನ, ಆ ಪುಣ್ಯ. ಹಣ ಬಸದಿಗೆ. ಹನ್ನೆರಡು ವರ್ಷಗಳ ಹಿಂದೆ ದಶಲಕ್ಷಣ ಪರ್ವದಲ್ಲಿ ಸವಾಲು ಕೂಗುವ ಹಿರಿಯರ ಗಂಟಲು ಕಟ್ಟಿ, ಐದು ಸಾವಿರಕ್ಕೆ ಎಲ್ಲ ನಿಂತುಹೋಗುವುದರಲ್ಲಿತ್ತು. ಆಗ ಹೆಂಗಸರ ಸಾಲಿನಿಂದ “ಐದ ಸಾವಿರದ ಒಂದಕ್ಕ ಅಭಿಷೇಕ ಕೊಡಾಕ ಇದೇನ್ ಬದನಿಕಾಯಿ ಸಂತಿ ಅಲ್ಲ” ಎಂಬ ದನಿ ಎದ್ದಿತು. ಪಂಚರು ಮೊದಲು ಮುಜುಗರಪಟ್ಟರು, ಆಮೇಲೆ ಹಣ ಎಣಿಸಿದರು, ಆಮೇಲೆ ಮುಜುಗರಪಡುವುದನ್ನು ಬಿಟ್ಟರು. ಅಂದಿನಿಂದ ಐಗಳಿಯಿಂದ ಕೊಗನೊಳ್ಳಿಯ ತನಕ ಎಲ್ಲಿ ದೊಡ್ಡ ಪೂಜೆ ಇದ್ದರೂ ಅಕ್ಕುತಾಯಿಗೆ ಕಾರು ಬರುತ್ತದೆ. ಅವಳು ತೆಗೆದುಕೊಳ್ಳುವುದು ಒಂದು ತೆಂಗಿನಕಾಯಿ ಮತ್ತು ಮುಂದಿನ ಸೀಟು. ಹಿಂದೆ ಕೂತರೆ ವಾಂತಿಯಾಗುತ್ತದೆ.

ಅವಳ ಕಸುಬೆಲ್ಲ ಇರುವುದು ಎರಡನೆಯ ಸಾರಿಗೂ ಮೂರನೆಯ ಸಾರಿಗೂ ನಡುವೆ. “ಒಂದ ಸಾರಿ” ಎಂದು ಕೂಗುತ್ತಾಳೆ. “ಎರಡ ಸಾರಿ” ಎನ್ನುತ್ತಾಳೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ನೀರು ಕುಡಿಯುತ್ತಾಳೆ. ಎದುರಿಗೆ ಕೂತವರ ಮೊಮ್ಮಗಳಿಗೆ ನೆಗಡಿ ಬಿಟ್ಟಿತೇ ಎಂದು ವಿಚಾರಿಸುತ್ತಾಳೆ. ನಿಮ್ಮ ಬೀಗರು ಅಥಣಿಯಿಂದ ಬಂದು ಮೂರನೆಯ ಸಾಲಿನಲ್ಲಿ ಕುಂತಾರ, ಇತ್ತಾಗ ನೋಡಾಕತ್ತಾರ ಎಂದು ಸುಮ್ಮನೆ ಮಾಹಿತಿ ಕೊಡುತ್ತಾಳೆ. ಆ ಹೊತ್ತಿನಲ್ಲಿ ಎಂಥ ಗಟ್ಟಿ ಗಂಡಸಿನ ಎದೆಯೂ ಒಂದು ಸಾವಿರದಷ್ಟು ಕುಸಿಯುತ್ತದೆ.

ಹೀಗೆ ಮುಂದಿನ ಆದಿತ್ಯವಾರ ದಿಗ್ಗೇವಾಡಿಯ ಸಮುದಾಯ ಭವನದಲ್ಲಿ ಬೋಟಿನ ಸವಾಲು ನಡೆಯಿತು. ಜೈನರಷ್ಟೇ ಅಲ್ಲ, ಎಲ್ಲ ಒಕ್ಕಲುತನದ ಮನೆಯವರೂ ಬಂದಿದ್ದರು. ಬೋಟಿಗೆ ಮೊದಲ ಕಾಯಿ ಒಡೆಯುವ ಮಾನ, ಮೊದಲ ಪೆಟ್ರೋಲು ಸುರಿಯುವ ಮಾನ. ಡಾಕ್ಟರರ ಚೀಲವನ್ನು ಜೀಪಿನಿಂದ ಬೋಟಿನ ತನಕ ಹೊರುವ ಮಾನವನ್ನು ಐಗಳಿಯ ಒಬ್ಬ ದ್ರಾಕ್ಷಿ ಬೆಳೆಗಾರ ಇಪ್ಪತ್ತೈದು ಸಾವಿರಕ್ಕೆ ಗೆದ್ದ. ಅವನು ಹುಟ್ಟಿದಾಗಿನಿಂದ ತನ್ನ ಊಟದ ಡಬ್ಬಿಯನ್ನೂ ಹೊತ್ತವನಲ್ಲ ಎಂದು ಅವನ ಹೆಂಡತಿ ಎಲ್ಲರಿಗೂ ಹೇಳಿದಳು. ತನ್ನ ಕೊರಳಿಗೆ ಸ್ಟೆಥಸ್ಕೋಪು ಹಾಕುವ ಮಾನ ಹದಿನೆಂಟು ಸಾವಿರಕ್ಕೆ ಹೋದಾಗ ತ್ರಿಶಲಾ ಡಾಕ್ಟರು ಮುಖ ಮುಚ್ಚಿಕೊಂಡು ನಕ್ಕರು.

ಕಡೆಯ ಮಾನದಲ್ಲಿ ಅಣ್ಣಾಸಾಬ ಎಡವಿದ. ಪೂಜೆಯ ದಿನ ಬೋಟಿನಲ್ಲಿ ಮೊದಲು ಕೂತು ಒಂದು ಸುತ್ತು ಹೊಡೆಯುವ ಮಾನ ಎಂದು ಅಕ್ಕುತಾಯಿ ಹೇಳಿಕೊಟ್ಟಿದ್ದಳು. ಅದು ಅವನಿಗೆ ಸಪ್ಪೆ ಎನಿಸಿತು. ಕಾರ್ಯದರ್ಶಿಯ ಬುದ್ಧಿ ಖರ್ಚು ಮಾಡಿ ಫಲಕದ ಮೇಲೆ ‘ಮಹಾಪೂರ ಬಂದಾಗ ಬೋಟಿನಲ್ಲಿ ಮೊಟ್ಟಮೊದಲು ಕೂಡುವ ಮಾನ’ ಎಂದು ಬರೆದ. ಕನ್ನಡಕ ತರದ ಅಕ್ಕುತಾಯಿ, ಅವನು ಓದಿ ಹೇಳಿದ್ದನ್ನೇ ಕೂಗಿದಳು.

ಆ ಮಾನದ ಮೇಲೆ ನೇಮಿನಾಥ ಮತ್ತು ಮುರಗೆಪ್ಪ ಬಿದ್ದರು. ಇವರಿಬ್ಬರ ಹೊಲಕ್ಕೆ ಒಂದೇ ಬದು, ಇಬ್ಬರ ಸಂಜೆಯ ಚಹಾಕ್ಕೆ ಒಂದೇ ಕೆಟಲು. ಉಳಿದದ್ದರಲ್ಲೆಲ್ಲ ಪಂದ್ಯ. ಎಕರೆಗೆ ಎಷ್ಟು ಟನ್ ಕಬ್ಬು, ಮಗಳ ಮದುವೆಯಲ್ಲಿ ಎಷ್ಟು ಬಗೆ ಸಿಹಿ, ಯಾರ ಎಮ್ಮೆ ಎಷ್ಟು ಲೀಟರು. ನೇಮಿನಾಥನ ಮನೆ ಊರಿನ ಎತ್ತರದ ಜಾಗದಲ್ಲಿತ್ತು, ಅಲ್ಲಿಗೆ ನೀರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹಾಗಿದ್ದರೂ ಅವನು ಕೂಗಿದ. ಮುರಗೆಪ್ಪ ಐವತ್ತು ಸಾವಿರಕ್ಕೆ ಬಂದಾಗ ಅವನ ಹೆಂಡತಿ ಕಸ್ತೂರೆವ್ವ ಹಿಂದಿನಿಂದ ಅಂಗಿ ಜಗ್ಗಿ, ಮುಳುಗೂ ಮಾನಕ್ಕ ರೊಕ್ಕ ಕೊಡೂ ಶಾಣ್ಯಾ ನೀವೊಬ್ಬರೇ ಎಂದಳು. ಅವನು ಕೂತ. ನೇಮಿನಾಥನ ಐವತ್ತೊಂದು ಸಾವಿರದ ಒಂದು ಗೆದ್ದಿತು. ಬೋಟಿನ ಹಣ ಕೂಡಿತು, ಭವನ ಚಪ್ಪಾಳೆ ತಟ್ಟಿತು. ಮಿರಗಕ್ಕೆ ನಾಲ್ಕು ದಿನ ಮೊದಲೇ ಬೋಟು ಬಂದು ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತಿತು. ಅಣ್ಣಾಸಾಬ ದಿನಕ್ಕೆರಡು ಸಾರಿ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದ.

ಆಗಸ್ಟಿನ ಮೊದಲ ವಾರ ಹೊಳೆ ಏರಿತು. ಶನಿವಾರ ಮುಂಜಾನೆ ಬಂದ ಮೊದಲ ಕರೆ ಕಸ್ತೂರೆವ್ವನದು. ಎಮ್ಮೆಗಳನ್ನೆಲ್ಲ ಮೊದಲೇ ಸಾಗಿಸಿದ್ದ ಮುರಗೆಪ್ಪ, ನೀರೆತ್ತುವ ಮೋಟರು ಉಳಿಸಲು ಹೋಗಿ ಗುದ್ದಲಿಯಿಂದ ಪಾದ ಕಡಿದುಕೊಂಡಿದ್ದ. ಮೂರು ದಿನವಾಗಿತ್ತು. ಮೊದಲೇ ಸಕ್ಕರೆ ಕಾಯಿಲೆ. ಈಗ ತೋಟದ ಮನೆಯ ಸುತ್ತ ನೀರು, ಕಾಲು ಬಾತು ಜ್ವರ ಏರಿತ್ತು.

ಬೋಟಿನಲ್ಲಿ ತ್ರಿಶಲಾ ಡಾಕ್ಟರು, ಭರಮು, ಮತ್ತು ತೂಕ ಸರಿಯಾಗಲಿ ಎಂದು ಮುಂದಿನ ತುದಿಗೆ ಕೂಡ್ರಿಸಿದ ಅಣ್ಣಾಸಾಬ. ಕಬ್ಬಿನ ತುದಿಗಳು ಮಾತ್ರ ಕಾಣುತ್ತಿದ್ದ ಹೊಲದ ಮೇಲೆ ಹಾಯ್ದು ಅವರು ಮನೆ ಮುಟ್ಟಿದಾಗ, ಮುರಗೆಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ನೀರು ಎರಡು ಮೆಟ್ಟಿಲು ಕೆಳಗೆ. ಬರ್ರಿ ಬರ್ರಿ ಎಂದು ಸ್ವಾಗತಿಸಿ, ಮೂವರಿಗೂ ಚಹಾ ಇಡಲು ಹೆಂಡತಿಗೆ ಹೇಳಿದ. ಡಾಕ್ಟರು ಪಾದ ನೋಡಿದರು. ಮುಖ ಗಂಟಾಯಿತು. ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಕಟ್ಟುತ್ತಲೇ ಹೇಳಿದರು.

“ಸಂಜೀ ಒಳಗ ಆಪರೇಷನ್ ಆಗಬೇಕು, ಕಾಕಾ. ತಡಾ ಆದ್ರ ಕಾಲ ಉಳಿಯೂದಿಲ್ಲ. ಏಳ್ರಿ, ಬೋಟ ಹತ್ತರಿ.”

ಮುರಗೆಪ್ಪ ಬೋಟಿನತ್ತ ನೋಡಿದ.

“ನೇಮಣ್ಣ ಕುಂತಾನೇನ್ರಿ ಇದರಾಗ?”

ಇಲ್ಲ, ಇದೇ ಮೊದಲ ಸಾರಿ ಬೋಟು ನೀರಿಗೆ ಇಳಿದದ್ದು ಎಂದು ಅಣ್ಣಾಸಾಬ ಹೆಮ್ಮೆಯಿಂದ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಫಲಕದ ಮೇಲೆ ತಾನು ಬರೆದ ಸಾಲು ಕಣ್ಣ ಮುಂದೆ ಬಂತು.

“ಹಂಗಾರ ನಾ ಹೆಂಗ ಕೂಡ್ಲಿ? ಮೊದಲ ಕೂಡೂ ಮಾನ ಅವನ್ದು. ನಾ ಮಂದಿ ಮುಂದ ಸೋತೇನಿ. ಸೋತ ಮ್ಯಾಲ ಕದ್ದ ಕುಂತಂಗ ಆಗ್ತೈತಿ.”

ಕಾಲು ಹೋಗುತ್ತದೆ ಎಂದು ಡಾಕ್ಟರು ಇನ್ನೊಮ್ಮೆ ಹೇಳಿದರು, ಈ ಸಾರಿ ಒಂದೊಂದೇ ಶಬ್ದ ಬಿಡಿಸಿ.

“ಕಾಲ ಎರಡ ಅದಾವ್ರಿ. ಮಾತ ಒಂದೇ ಐತಿ.”

ಕಸ್ತೂರೆವ್ವ ಒಳಗಿನಿಂದ ಬಂದು, ಆ ಮಾತಿನ ಬಾಯಿಗೆ ಮೊದಲು ಆಪರೇಷನ್ ಮಾಡ್ರಿ ಡಾಕ್ಟರಬಾಯಿ ಎಂದಳು. ದಿಗ್ಗೇವಾಡಿಗೆ ಹೋಗಿ ನೇಮಿನಾಥನನ್ನು ಕೂಡ್ರಿಸಿಕೊಂಡು ಬರೋಣವೆಂದರೆ ಸೆಳವಿಗೆ ಎದುರಾಗಿ ಎರಡು ತಾಸು. ಪೆಟ್ರೋಲು ಇರುವುದು ಒಂದು ತಾಸಿನದು, ಸೆಳವಿನ ಜೊತೆ ಆಸ್ಪತ್ರೆಯ ಕಡೆಯ ದಂಡೆಗೆ ಹೋಗಲಷ್ಟೇ ಸಾಕು ಎಂದು ಭರಮು ತಿಳಿಸಿದ. ಎತ್ತಿ ಬೋಟಿನಲ್ಲಿ ಹಾಕಿಬಿಡೋಣವೆಂದರೆ ಮುರಗೆಪ್ಪ ನೂರು ಕಿಲೋ, ಎತ್ತಬೇಕಾದವರಲ್ಲಿ ಒಬ್ಬನ ರಕ್ತದೊತ್ತಡ ಊರಿಗೆಲ್ಲ ಗೊತ್ತು.

ಕಸ್ತೂರೆವ್ವ ತನ್ನ ಫೋನಿನಿಂದ ನೇಮಿನಾಥನಿಗೆ ಹಚ್ಚಿದಳು. ವಿಷಯ ಕೇಳಿ ಅವನು ಗಾಬರಿಯಾದ. ಕೂಡಲೇ ಹತ್ತಲಿ, ಮಾನ ಹಾಳಾಗಲಿ ಎಂದ. ಆದರೆ ಮುರಗೆಪ್ಪನ ದನಿ ಕೇಳಿದ ಕೂಡಲೇ ನಲವತ್ತು ವರ್ಷದ ಚಟ ಎದ್ದಿತು.

“ಬಿಟ್ಟುಕೊಡ್ತೀನಿ ಮಾರಾಯಾ. ಬಾಯಿ ಬಿಟ್ಟು ಒಂದ ಮಾತ ಕೇಳು.”

“ನಿನ್ನ ಹಂತ್ಯಾಕ ನಾ ಎಂದ ಏನ್ ಕೇಳೇನಿ?”

“ಹೋದ ವರ್ಷ ಬಿತ್ತೂ ಕಬ್ಬು ಕೇಳಿದ್ಯಲ್ಲೋ.”

“ಅದಕ್ಕ ಬದಲಿ ಹೋರಿ ಕೊಟ್ಟಿಲ್ಲೇನು?”

ನೀರು ಒಂದು ಮೆಟ್ಟಿಲು ಏರಿತು. ಅಣ್ಣಾಸಾಬ ತನ್ನ ಫೋನು ತೆಗೆದು ಅಕ್ಕುತಾಯಿಗೆ ಹಚ್ಚಿದ. ತಾನು ಬರೆದ ಸಾಲಿನಿಂದ ಹಿಡಿದು ಹೋರಿಯ ತನಕ ಎಲ್ಲ ಹೇಳಿದ. ಆಚೆ ಕಡೆ ಗಂಡನಿಗೆ ಟೀವಿ ಸಣ್ಣ ಮಾಡಲು ಅವಳು ಹೇಳಿದ್ದು ಕೇಳಿಸಿತು. ಬೋಟಿನಲ್ಲಿದ್ದ ಭರಮುವಿಗೂ ಕೇಳಿಸಿತು.

“ಎರಡೂ ಫೋನ ಮಗ್ಗಲಕ ಮಗ್ಗಲಕ ಇಡು,” ಎಂದಳು.

ಡಾಕ್ಟರರ ಔಷಧದ ಪೆಟ್ಟಿಗೆಯ ಮೇಲೆ ಎರಡು ಫೋನು ಇಟ್ಟರು. ಒಂದರಲ್ಲಿ ಅಕ್ಕುತಾಯಿ, ಇನ್ನೊಂದರಲ್ಲಿ ನೇಮಿನಾಥ.

“ಇಬ್ಬರೂ ಕೇಳ್ರಿ. ಕೂಡೂ ಮಾನದ್ದು ಸವಾಲ ಆಗೇತಿ. ಬಿಟ್ಟುಕೊಡೂ ಮಾನದ್ದು ಇನ್ನೂ ಆಗಿಲ್ಲ. ಕೂಡೂದ್ಕಿಂತ ತ್ಯಾಗ ದೊಡ್ಡದು. ಇವತ್ತ ತನ್ನ ಪಾಳಿ ಬಿಟ್ಟು ಇನ್ನೊಬ್ಬನ್ನ ಮೊದಲ ಕೂಡಿಸೂ ಮಾನ ಯಾರಿಗೆ? ಗೆದ್ದಾಂವ ತ್ಯಾಗಿ. ಸೋತಾಂವ ಸುಮ್ಮ ಬೋಟ ಹತ್ತಬೇಕು. ಸಾವಿರದ ಒಂದರಿಂದ ಚಾಲೂ.”

ಡಾಕ್ಟರ್ ತ್ರಿಶಲಾ ತಲೆ ಎತ್ತಿ ಅಣ್ಣಾಸಾಬನನ್ನು ನೋಡಿದರು. ಹದಿನಾರು ವರ್ಷದ ವೃತ್ತಿಯಲ್ಲಿ ಅವರು ರೋಗಿಯ ಒಪ್ಪಿಗೆಯನ್ನು ಹಲವು ಬಗೆಯಲ್ಲಿ ಪಡೆದಿದ್ದರು. ಇದು ಹೊಸದು.

“ಎರಡ ಸಾವಿರ!” ಎಂದ ಮುರಗೆಪ್ಪ. ಜ್ವರದಲ್ಲೂ ಅವನ ಕಣ್ಣು ಹೊಳೆದವು. ಫೋನಿನಿಂದ ಐದು ಬಂತು. ಕಟ್ಟೆಯಿಂದ ಎಂಟು ಹೋಯಿತು. ಹತ್ತು, ಹನ್ನೆರಡು, ಹದಿನೈದು. ನೇಮಿನಾಥನ ಮನೆಯಲ್ಲಿ ಸುತ್ತ ಜನ ಸೇರಿದ್ದು ಕೇಳಿಸುತ್ತಿತ್ತು, ಯಾರೋ ಹುರುಪಿನಿಂದ ಹದಿನೆಂಟು ಎನ್ನು ಎನ್ನುತ್ತಿದ್ದರು. ಮುರಗೆಪ್ಪ ಇಪ್ಪತ್ತಕ್ಕೆ ಏರಿದ. ಅವನು ಗೆದ್ದರೆ ಇಲ್ಲೇ ಕೂಡುತ್ತಾನಲ್ಲ ಎಂಬುದು ಆಗ ಅಣ್ಣಾಸಾಬನಿಗೆ ಹೊಳೆಯಿತು. ಕಾಲು ಜಾರಿ ನೀರಿಗೆ ಬಿದ್ದವನಂತೆ ಕಸ್ತೂರೆವ್ವನತ್ತ ನೋಡಿದ. ಅವಳು ಗಂಡನ ಅಂಗಿ ಜಗ್ಗುತ್ತಿದ್ದಳು, ಅಂಗಿ ಹರಿದಿತ್ತು, ಗಂಡ ಕೂತೇ ಇದ್ದ.

“ಇಪ್ಪತ್ತೊಂದ ಸಾವಿರದ ಒಂದು,” ಎಂದ ನೇಮಿನಾಥ.

“ನೇಮಣ್ಣಂದು ಇಪ್ಪತ್ತೊಂದ ಸಾವಿರದ ಒಂದು. ಒಂದ ಸಾರಿ.”

ಮುರಗೆಪ್ಪ ಕೂಗಲು ಬಾಯಿ ತೆರೆದ. ತೆರೆದ ಬಾಯಿಗೆ ತ್ರಿಶಲಾ ಡಾಕ್ಟರು ಥರ್ಮಾಮೀಟರ್ ಇಟ್ಟರು.

“ಬಾಯಿ ಮುಚ್ಚರಿ ಕಾಕಾ. ಜ್ವರಾ ನೋಡ್ತೀನಿ. ಒಂದ ಮಿನಿಟು.”

ಡಾಕ್ಟರು ಹೇಳಿದ್ದನ್ನು ಮುರಗೆಪ್ಪ ಮುಚ್ಚಿದ ಬಾಯಲ್ಲೇ ವಿರೋಧಿಸಿದ. ಹನ್ನೆರಡು ವರ್ಷದಲ್ಲಿ ಎರಡನೆಯ ಸಾರಿಗೂ ಮೂರನೆಯ ಸಾರಿಗೂ ನಡುವೆ ನೀರು ಕುಡಿದು, ಮುಖ ಒರೆಸಿ, ನಾಲ್ಕು ತಾಲೂಕಿನ ನೆಗಡಿ ವಿಚಾರಿಸಿದ ಅಕ್ಕುತಾಯಿ ಅಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ.

“ಎರಡ ಸಾರಿ ಮೂರ ಸಾರಿ. ನೇಮಣ್ಣ ತ್ಯಾಗಿ. ಮುರಗೆಪ್ಪಾ, ಹತ್ತು.”

ಥರ್ಮಾಮೀಟರಿನಲ್ಲಿ ನೂರಾ ಎರಡೂವರೆ ಇತ್ತು. ಮುರಗೆಪ್ಪ ಅದನ್ನು ಬಾಯಿಂದ ತೆಗೆದು ಡಾಕ್ಟರರ ಕೈಗೆ ಕೊಟ್ಟು, ಮತ್ತ ಸೋತ್ನಲ್ಲೋ ಎಂದು ಫೋನಿಗೆ ಹೇಳಿದ. ಭರಮುವಿನ ಹೆಗಲು ಹಿಡಿದು ಒಂಟಿ ಕಾಲಿನಲ್ಲಿ ಬೋಟು ಹತ್ತಿ ಅಣ್ಣಾಸಾಬನ ಎದುರಿಗೆ ಕೂತ. ತೂಕ ಸರಿಯಾಯಿತು. ಕಸ್ತೂರೆವ್ವ ಮಾಡಿಟ್ಟ ಚಹಾವನ್ನು ಕೆಟಲು ಸಮೇತ ತಂದಳು. ಮುಳುಗಿದ ಕಬ್ಬಿನ ಮೇಲೆ ಬೋಟು ಹೊರಟಾಗ ಎಲ್ಲರೂ ಚಹಾ ಕುಡಿಯುತ್ತಿದ್ದರು, ರೋಗಿಯ ಹೊರತು. ಆಪರೇಷನ್ ಇರುವವರಿಗೆ ಚಹಾ ಇಲ್ಲ ಎಂದು ಡಾಕ್ಟರು ಹೇಳಿದ್ದು ಅವನಿಗೆ ಸವಾಲು ಸೋತದ್ದಕ್ಕಿಂತ ಕಠಿಣವಾಗಿ ತಾಗಿತು.

ಕಾಲು ಉಳಿಯಿತು. ಕಿರುಬೆರಳು ಮಾತ್ರ ಹೋಯಿತು. ಇನ್ನೂ ಒಂಬತ್ತು ಅದಾವು ಎಂದು ಮುರಗೆಪ್ಪ ನೋಡಲು ಬಂದವರಿಗೆಲ್ಲ ಎಣಿಸಿ ತೋರಿಸಿದ. ನೇಮಿನಾಥ ದಿನಾಲು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತು, ತ್ಯಾಗದ ಮಹತ್ವ ಕುರಿತು ಇಡೀ ವಾರ್ಡಿಗೆ ಕೇಳುವಂತೆ ಮಾತನಾಡಿದ. ಆ ವಾರ ಬೋಟು ಹನ್ನೊಂದು ಸಾರಿ ಹೋಗಿ ಅರವತ್ತಮೂರು ಮಂದಿಯನ್ನು ಮುಟ್ಟಿತು. ತ್ಯಾಗದ ಇಪ್ಪತ್ತೊಂದು ಸಾವಿರದಲ್ಲಿ ಪೆಟ್ರೋಲು, ಧನುರ್ವಾಯುವಿನ ಲಸಿಕೆ, ನಾಲ್ಕು ಹೊಸ ಕಂಬಳಿ ಬಂದವು. ದಂಡೆಯ ಮೇಲೆ ಈ ಸಾರಿಯೂ ಕೈ ಬೀಸುವುದು ನಡೆದಿತ್ತು. ಆದರೆ ಬೀಸುತ್ತಿದ್ದವರು ಊರಿನವರು, ಬೋಟಿನಲ್ಲಿ ಹೋಗುವ ಡಾಕ್ಟರರಿಗೆ.

ನೀರು ಇಳಿದ ಮೇಲೆ ಅಣ್ಣಾಸಾಬ ತೆಂಗಿನಕಾಯಿ ಹಿಡಿದು ಅಕ್ಕುತಾಯಿಯ ಮನೆಗೆ ಹೋದ. ಅವಳು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಒಂದು ಮಾತು ಹದಿನೈದು ದಿನದಿಂದ ಅವನ ನಿದ್ದೆ ಕೆಡಿಸಿತ್ತು. ಅದನ್ನೇ ಕೇಳಿದ.

“ಅಕ್ಕಾರ, ಸೋತಾಂವ ಬೋಟ ಹತ್ತಬೇಕು ಅಂದ್ರಿ. ಆ ಥರ್ಮಾಮೀಟರ್ ಇಲ್ದ ಮುರಗೆಪ್ಪಣ್ಣನೇ ಗೆದ್ದಿದ್ರ ಏನ್ ಮಾಡ್ತಿದ್ರಿ? ಅಂವ ಅಲ್ಲೇ ಕೂಡ್ತಿದ್ದನಲ್ರಿ.”

ಅಕ್ಕುತಾಯಿ ಒಂದು ಕಾಯಿ ಒಡೆದಳು, ಬೀಜ ಮೊರಕ್ಕೆ ಹಾಕಿದಳು.

“ಸವಾಲಿನ ರೊಕ್ಕ ಅವತ್ತಿಂದು ಅವತ್ತ ನಗದ ಕೊಡಬೇಕು. ಬ್ಯಾಂಕ ರಾಯಬಾಗದಾಗ ಐತಿ. ಬೋಟ ಹತ್ತದ, ಅಲ್ಲೀತನಾ ಅಂವ ಈಸಿ ಹೋಗ್ತಿದ್ನೇನು?”